ನರೆಗೂದಲಿನ ಹುಡುಗ

ಅಕ್ಕನ ಎರಡೂ ಕಿಡ್ನಿ ಕೆಟ್ಟ ಮೇಲೆ, ವಾರಕ್ಕೆ ಎರಡು ಸಲ ಅವಳನ್ನು ಮರವಂತೆಯಿಂದ ಕುಂದಾಪುರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ನಾಲ್ಕು ತಾಸು ಮಂಚದ ಮೇಲೆ ಅಲ್ಲಾಡದೆ ಮಲಗಿರಬೇಕು. ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ತೊಳೆದು, ಹಿಂದೆ ಬರುತ್ತದೆ. ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿ ವಂಡ್ಸೆಯ ಮನೆಮನೆ ತಿರುಗಿದ ಹೆಂಗಸು ಅವಳು. ಸುಮ್ಮನೆ ಮಲಗುವುದೇ ಅವಳಿಗೆ ಕಾಯಿಲೆಗಿಂತ ಕಷ್ಟ. ಗೋಡೆಯ ಟಿವಿ ಅವಳಿಗೆ ಹಿಡಿಸುತ್ತಿರಲಿಲ್ಲ. ಅದರಲ್ಲಿ ಎಲ್ಲರೂ ಜಗಳ ಮಾಡುತ್ತಾರೆ, ಯಾರೂ ಕೆಲಸ ಮಾಡುವುದಿಲ್ಲ ಎನ್ನುತ್ತಿದ್ದಳು. ಒಂದು ದಿನ ಅವಳೇ ಕೇಳಿದಳು, ನೀನು ಮುಂಬೈಯಿಂದ ತಂದು ಅಟ್ಟದ ಮೇಲಿಟ್ಟ ಪುಸ್ತಕ ಇದೆಯಲ್ಲ, ಅದನ್ನಾದರೂ ಓದು ಎಂದು.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ನನಗೆ ಅಕ್ಷರ ಬಂದದ್ದು ಮೀಸೆ ಬಂದ ಮೇಲೆ. ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಟೇಬಲ್ ಒರೆಸುತ್ತಿದ್ದಾಗ ಕನ್ನಡದ ರಾತ್ರಿಶಾಲೆಗೆ ಸೇರಿದೆ. ಅಲ್ಲಿ ಕಲಿತದ್ದು ಮರೆಯಬಾರದೆಂದು ರಸ್ತೆ ಬದಿಯಲ್ಲಿ ಆ ಪುಸ್ತಕ ಕೊಂಡೆ. ರಟ್ಟು ಇರಲಿಲ್ಲ, ಮೊದಲಿನ ಕೆಲವು ಹಾಳೆಗಳೂ ಇರಲಿಲ್ಲ. ಹಾಗಾಗಿ ಅದರ ಹೆಸರು, ಬರೆದವರ ಹೆಸರು ಎರಡೂ ನನಗೆ ಇಂದಿಗೂ ಗೊತ್ತಿಲ್ಲ. ಯಾವುದೋ ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ಇಳಿಸಿದ್ದು. ಬಿಳಿಯರು ಆಳುತ್ತಿದ್ದ ಕಾಲ. ಒಬ್ಬ ಕ್ಯಾಪ್ಟನ್ ಆಫ್ರಿಕಾದ ಒಂದು ನದಿಯಲ್ಲಿ ಮೇಲೆ ಮೇಲೆ ಹೋಗಿ, ಯಾರೂ ಕಾಣದ ಒಂದು ಸರೋವರವನ್ನು ಹುಡುಕುತ್ತಾನೆ. ಜೊತೆಗೆ ಒಬ್ಬ ಡಾಕ್ಟರ್ ಗೆಳೆಯ, ಒಂದು ನಾಯಿ, ಹೊರೆ ಹೊರುವ ಆಳುಗಳ ಒಂದು ಸಾಲು. ಗೆಳೆಯನಿಗೆ ಹೆಸರಿದೆ, ನಾಯಿಗೆ ಹೆಸರಿದೆ, ಕ್ಯಾಪ್ಟನ್ನನ ಬಂದೂಕಿಗೂ ಒಂದು ಹೆಸರಿದೆ. ಆಳುಗಳಿಗೆ ಇಲ್ಲ. ಅವರನ್ನು ಪುಸ್ತಕ ಕಾಡುಜನ ಎನ್ನುತ್ತದೆ, ಇಲ್ಲವೇ ಮಕ್ಕಳಂಥವರು ಎನ್ನುತ್ತದೆ.

ಇದನ್ನೆಲ್ಲ ನಾನು ಮುಂಬೈಯಲ್ಲಿ ಓದುವಾಗ ಗಮನಿಸಿರಲಿಲ್ಲ. ಗುಂಡು ಹಾರಿದರೆ, ಮೊಸಳೆ ಬಾಯಿ ತೆರೆದರೆ ನನಗೆ ಮೈ ಜುಂ ಎನ್ನುತ್ತಿತ್ತು. ಕ್ಯಾಂಟೀನಿನಲ್ಲಿ ನಮ್ಮನ್ನೆಲ್ಲ ಪೋರ್ಯಾ ಎಂದೇ ಕೂಗುತ್ತಿದ್ದರು. ಪೋರ್ಯಾ ಎಂದರೆ ಮರಾಠಿಯಲ್ಲಿ ಹುಡುಗ. ಪಾತ್ರೆ ತೊಳೆಯುವವನಿಗೆ ಊರಿನಲ್ಲಿ ಮೊಮ್ಮಕ್ಕಳಿದ್ದರು, ಅವನೂ ಪೋರ್ಯಾ. ಹಾಗಿದ್ದೂ ಪುಸ್ತಕ ಕೈಗೆ ತೆಗೆದುಕೊಂಡರೆ ನಾನು ಕ್ಯಾಪ್ಟನ್ ಆಗುತ್ತಿದ್ದೆ, ಹೊರೆ ಹೊರುವವರ ಸಾಲಿನಲ್ಲಿ ಒಂದು ದಿನವೂ ನಿಂತವನಲ್ಲ.

ನಾನು ಓದುವುದು ನಿಧಾನ. ಸಾಲಿನ ಕೆಳಗೆ ಬೆರಳಿಡಬೇಕು. ಒತ್ತಕ್ಷರ ಬಂದಲ್ಲಿ ನಿಂತು, ಬಾಯೊಳಗೆ ಒಮ್ಮೆ ಹೇಳಿಕೊಂಡು, ಆಮೇಲೆ ಹೊರಗೆ ಬಿಡಬೇಕು. ಅಕ್ಕನಿಗೆ ಅದರಿಂದ ತೊಂದರೆ ಆಗಲಿಲ್ಲ. ತೊಂದರೆಯಾದದ್ದು ಪಕ್ಕದ ಮಂಚದ ಭಟ್ಟರಿಗೆ. ಸಾಲಿಗ್ರಾಮದ ಕಡೆಯವರು, ಮನೆಮನೆಯ ಪೂಜೆ ತಿಥಿ ಮಾಡಿಸಿ ವಯಸ್ಸಾದವರು. ಅವರಿಗೂ ನಮ್ಮದೇ ದಿನ, ನಮ್ಮದೇ ಹೊತ್ತು. ಮೊದಲ ದಿನ ಕಣ್ಣು ಮುಚ್ಚಿ ಮಲಗಿದ್ದರು, ಎರಡನೆಯ ದಿನ ಕಥೆಯಲ್ಲಿ ಬಂದು ಕೂತಿದ್ದರು.

"ಮಾರಾಯ, ಈ ನಮ್ನಿ ಓದ್ರೆ ನಿನ್ ಕ್ಯಾಪ್ಟನ್ ಹೊಳಿ ದಾಟುವಷ್ಟೊತ್ತಿಗೆ ನನ್ ವೈಕುಂಠ ಸಮಾರಾಧನೆ ಆಯಿರತ್ತ್" ಎಂದರು.

"ಆಗ್ಲಿ ಬಿಡಿ ಭಟ್ರೆ, ಊಟಕ್ ನಾ ಬತ್ತೆ" ಎಂದಳು ಅಕ್ಕ. "ಪಾಯ್ಸ ಬ್ಯಾಡ. ನಂಗೆ ಒಂದ್ ಚೆಂಬ್ ನೀರ್ ಕೊಡ್ಕ್, ಅಷ್ಟೇ."

ಆ ಕೋಣೆಯಲ್ಲಿ ಎಲ್ಲರೂ ನಕ್ಕರು. ಡಯಾಲಿಸಿಸ್ ಮಾಡಿಸುವವರು ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯಬೇಕು. ಬಾಯಾರಿಕೆ ಅವರಿಗೆ ಮಾತ್ರ ಗೊತ್ತು.

ಪುಸ್ತಕದಲ್ಲಿ, ಹೊರೆ ಹೊರುವವರ ಸಾಲಿನ ಮುಂದೆ ನಡೆಯುವ ಒಬ್ಬ ಆಳು ಇದ್ದ. ಕೆಸರು ಬಂದಲ್ಲಿ ಕ್ಯಾಪ್ಟನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುವವನು. ಕ್ಯಾಪ್ಟನ್ ಅವನನ್ನು ಹುಡುಗ ಎಂದು ಕರೆಯುತ್ತಾನೆ. ಆದರೆ ಒಂದು ಕಡೆ ಅವನ ನರೆತ ಕೂದಲಿನ ಮಾತು ಬಂತು. ಅಕ್ಕ ನನ್ನನ್ನು ಅಲ್ಲೇ ನಿಲ್ಲಿಸಿದಳು.

"ತಲಿ ಹಣ್ಣಾದವ ಹ್ಯಾಂಗ್ ಹುಡ್ಗ ಆತ?"

ನಾನು ಕ್ಯಾಂಟೀನಿನ ಪೋರ್ಯಾನ ಸಂಗತಿ ಹೇಳಿದೆ. ನಾನು ಮುಂಬೈಯಿಂದ ಬಂದಾಗಲೆಲ್ಲ ಕ್ಯಾಂಟೀನಿನ ಸೇಠನಿಗೆ ನಾನೇ ಬಲಗೈ ಎಂದು ಹೇಳಿಕೊಂಡಿದ್ದೆ. ಅದನ್ನು ಅವಳು ನೆನಪು ಮಾಡಲಿಲ್ಲ.

ಅಂದಿನಿಂದ ಅಕ್ಕನಿಗೆ ಆ ನರೆಗೂದಲಿನ ಹುಡುಗನದೇ ಚಿಂತೆ. ಕ್ಯಾಪ್ಟನ್ನನ ಜ್ವರ, ಕ್ಯಾಪ್ಟನ್ನನ ಗುರಿ ಯಾವುದೂ ಬೇಡ. ಅವ ಉಂಡನಾ, ಎಲ್ಲಿ ಮಲಗಿದ, ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವಳು. ಪುಸ್ತಕದಲ್ಲಿ ಅದು ಒಂದೂ ಇರಲಿಲ್ಲ. ನಾಯಿ ಡಬ್ಬಿಯ ಮಾಂಸ ತಿಂದದ್ದು ಇತ್ತು. ಮತ್ತೊಂದು ದಿನ, ಆ ಸರೋವರ ಅಲ್ಲಿಯ ಜನರಿಗೆ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು, ಅವರು ಅಲ್ಲಿ ಮೀನು ಹಿಡಿಯುತ್ತಿದ್ದರು ಎಂದು ಪುಸ್ತಕದಲ್ಲೇ ಇದೆ ಎಂದೆ.

"ಹಾಂಗಾರೆ ಇವ ಹುಡ್ಕುದ್ ಎಂತ?"

"ಇವ ಕಂಡ್ ಮೇಲೇ ಅದ್ ಸರೋವರ" ಎಂದರು ಭಟ್ಟರು. "ಅಲ್ಲಿವರಿಗೆ ಅದ್ ಬರೀ ನೀರ್."

ಅಕ್ಕ ಯಾಕೆ ಆ ಆಳಿನ ಬೆನ್ನಿಗೆ ಬಿದ್ದಳು ಎಂಬುದು ನನಗೆ ಗೊತ್ತಿತ್ತು. ನನ್ನ ಭಾವ ಬೈಂದೂರು ಕಡೆಯವರು. ಮದುವೆಯಾದ ಮೇಲೆ ಮರವಂತೆಯಲ್ಲೇ ಮನೆ ಮಾಡಿದರು. ಮೀನಿನ ಬೋಟಿನಲ್ಲಿ ಕಲಾಸಿಯಾಗಿ ಹೋಗುತ್ತಿದ್ದರು. ಕಲಾಸಿ ಎಂದರೆ ಬಲೆ ಎಳೆಯುವ, ಐಸು ಹಾಕುವ, ಹೇಳಿದ್ದೆಲ್ಲ ಮಾಡುವ ಆಳು. ಒಂದು ವರ್ಷ ಬಡಗು ದಿಕ್ಕಿಗೆ, ರತ್ನಾಗಿರಿಯ ಆಚೆ ಹೋದ ಬೋಟು ಗಾಳಿಗೆ ಸಿಕ್ಕಿತು. ಬೋಟು ಹಿಂದೆ ಬಂತು. ಭಾವ ಬರಲಿಲ್ಲ, ಅವರ ಜೊತೆಯ ಇನ್ನೊಬ್ಬನೂ ಬರಲಿಲ್ಲ. ಪೇಪರಿನಲ್ಲಿ ಬೋಟಿನ ಹೆಸರು ಬಂತು, ಬಲೆ ಮತ್ತು ಎಂಜಿನ್ನಿಗೆ ಆದ ನಷ್ಟ ಬಂತು. ಕೊನೆಗೆ ಇಬ್ಬರು ನಾಪತ್ತೆ ಎಂದು ಬಂತು. ಆ ಇಬ್ಬರು ಯಾರು ಎಂದು ಬರಲಿಲ್ಲ.

ಬೋಟಿನವರು ಮನೆಗೆ ಬಂದು ಅಕ್ಕನಿಗೆ ಹೇಳಿದ್ದು ಬೇರೆ. ಬಿದ್ದದ್ದು ಹೌದು, ಆದರೆ ಗುಜರಾತಿನ ಒಂದು ಬೋಟು ಎತ್ತಿಕೊಂಡದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ, ಇಂದಲ್ಲ ನಾಳೆ ಬರುತ್ತಾರೆ ಎಂದರು. ಆ ಬೋಟು ಎಂಥ ಬಣ್ಣದ್ದು ಎಂದೂ ಹೇಳಿದರು. ಅಕ್ಕ ಅವರಿಗೆ ಚಾ ಮಾಡಿ ಕೊಟ್ಟಳು. ಆ ದಿನದಿಂದ ಕಾದಳು.

ನಮ್ಮಲ್ಲಿ ಸಮುದ್ರದಲ್ಲಿ ಹೋದವರ ಹೆಣ ಸಿಗದಿದ್ದರೆ ಕೂಡಲೇ ಕ್ರಿಯೆ ಮಾಡುವುದಿಲ್ಲ. ಮನೆಯವರು ಹೂಂ ಎನ್ನುವವರೆಗೆ ಕಾಯುತ್ತಾರೆ. ಆಮೇಲೆ ದರ್ಭೆಯಲ್ಲಿ ಒಂದು ಆಳಿನ ರೂಪ ಮಾಡಿ ಸುಡುತ್ತಾರೆ. ಅದಾದ ಮೇಲೆಯೇ ಮಹಾಲಯ ಅಮಾವಾಸ್ಯೆಗೆ, ತೀರಿಹೋದ ಹಿರಿಯರ ಸಾಲಿನಲ್ಲಿ ಅವರಿಗೂ ಒಂದು ಬಾಳೆಎಲೆ ಹಾಕಿ ಬಡಿಸುವುದು. ಬದುಕಿರಬಹುದಾದವರಿಗೆ ಎಲೆ ಹಾಕಬಾರದು, ಹಾಕಿದರೆ ನಾವೇ ಕೊಂದಂತೆ. ಅಕ್ಕ ಹೂಂ ಎನ್ನಲಿಲ್ಲ. ಹಾಗಾಗಿ ಇಷ್ಟು ವರ್ಷ ಅಪ್ಪನಿಗೆ ಅಮ್ಮನಿಗೆ ಎಲೆ ಬಿತ್ತು, ಭಾವನಿಗೆ ಬೀಳಲಿಲ್ಲ. ಅವರು ಮನೆಯಲ್ಲೂ ಇಲ್ಲ, ಎಲೆಯಲ್ಲೂ ಇಲ್ಲ.

ಅಕ್ಕನ ಹಣೆಯ ಕುಂಕುಮ, ಕೈಯ ಬಳೆ ಹಾಗೇ ಇದ್ದವು. ಡಯಾಲಿಸಿಸ್‌ಗೆಂದು ಎಡಗೈಯ ನರ ಜೋಡಿಸಿದಾಗ ಆ ಕೈಗೆ ಬಳೆ ಆಗದು ಎಂದು ನರ್ಸಮ್ಮ ಹೇಳಿದರು. ಅಕ್ಕ ಎಡಗೈಯ ಬಳೆಗಳನ್ನು ಒಂದೊಂದೇ ತೆಗೆದು ಬಲಗೈಗೆ ಹಾಕಿಕೊಂಡಳು. ಬಲಗೈ ತುಂಬ ಹಸಿರು ಬಳೆ, ಎಡಗೈ ಬೋಳು. ಅವಳು ಮಗ್ಗುಲು ಬದಲಿಸಿದರೆ ಕೋಣೆಗೆಲ್ಲ ಕೇಳುತ್ತಿತ್ತು. ಭಟ್ಟರು ಅದಕ್ಕೂ ತಮಾಷೆ ಮಾಡುತ್ತಿದ್ದರು, ಯಂತ್ರ ನಿಂತರೂ ನಿಮ್ಮ ಬಳೆ ನಿಲ್ಲುವುದಿಲ್ಲ ಎಂದು.

ಕಷ್ಟದ ಶಬ್ದಗಳಿಗೆ ಅಭ್ಯಾಸ ಆಗಲೆಂದು ನಾನು ಮುಂದಿನ ಹಾಳೆಗಳನ್ನು ಒಮ್ಮೆ ಮೊದಲೇ ನೋಡಿಕೊಳ್ಳುತ್ತಿದ್ದೆ. ಊರಿಗೆ ಬಂದ ಮೇಲೆ ಐಸ್ ಪ್ಲಾಂಟಿನಲ್ಲಿ ನನ್ನ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಅಲ್ಲೇ ಕೂತು ನೋಡುವಾಗ ನದಿ ದಾಟುವ ಭಾಗ ಬಂತು. ಮಳೆಗಾಲದ ನದಿ. ಕ್ಯಾಪ್ಟನ್ ದೋಣಿಯಲ್ಲಿ ದಾಟುತ್ತಾನೆ, ಆಳುಗಳು ತಲೆಯ ಮೇಲೆ ಪೆಟ್ಟಿಗೆ ಹೊತ್ತು ನೀರಿಗಿಳಿಯುತ್ತಾರೆ. ಮುಂದೆ ಯಾವಾಗಿನಂತೆ ಆ ನರೆಗೂದಲಿನ ಹುಡುಗ. ಆಮೇಲೆ ಒಂದೇ ಸಾಲು. ಆ ಪ್ರವಾಹದಲ್ಲಿ ಒಂದು ಹೇಸರಗತ್ತೆಯನ್ನೂ ಇಬ್ಬರು ಆಳುಗಳನ್ನೂ ಕಳೆದುಕೊಂಡೆವು, ದೇವರ ದಯೆಯಿಂದ ದಿಕ್ಸೂಚಿಯ ಪೆಟ್ಟಿಗೆ ಉಳಿಯಿತು ಎಂದಿತ್ತು. ಮುಂದಿನ ಹಾಳೆಯಲ್ಲಿ ಕ್ಯಾಪ್ಟನ್ನನನ್ನು ಕೆಸರು ದಾಟಿಸುವವನು ಬೇರೆ ಒಬ್ಬ. ಅವನೂ ಹುಡುಗನೇ.

ನಾನು ಇದನ್ನು ಮೊದಲೂ ಓದಿದ್ದೆ. ಆಗ ದಿಕ್ಸೂಚಿ ಉಳಿಯಿತಲ್ಲ ಎಂದು ಸಮಾಧಾನಪಟ್ಟಿದ್ದೆ. ಈಗ ಇಬ್ಬರು ಎಂಬ ಶಬ್ದದ ಕೆಳಗೆ ಬೆರಳಿಟ್ಟವನಿಗೆ ಬೆರಳು ತೆಗೆಯಲಾಗಲಿಲ್ಲ. ಅಕ್ಕನ ಎದುರು ಇದನ್ನು ಹೇಗೆ ಓದುವುದು? ಆ ವಾರ ಅವಳ ಕಾಲು ಬಾತಿತ್ತು, ಮುಖವೂ ಬಾತಿತ್ತು. ಬ್ರಹ್ಮಾವರದಿಂದ ಆಸ್ಪತ್ರೆಗೆ ಬರುವ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯವೂ ಸೋತಿದೆ, ಹೆಚ್ಚು ಕಾಲ ನಂಬಬೇಡಿ ಎಂದಿದ್ದರು.

ಮರುದಿನ ಆಸ್ಪತ್ರೆಯಲ್ಲಿ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಅಲ್ಲಿಲ್ಲದ್ದನ್ನು ಓದಿದೆ. ಹುಡುಗ ತೇಲಿಹೋಗಿ ಒಂದು ಮರದ ಬೇರು ಹಿಡಿದುಕೊಂಡ. ದಡ ಹತ್ತಿ ಬಟ್ಟೆ ಹಿಂಡಿ ಒಣಗಿಸಿದ. ಜೊತೆಗಾರನನ್ನೂ ಕೂದಲು ಹಿಡಿದು ಎಳೆದ. ಭಟ್ಟರಿಗೆ ಖುಷಿಯೋ ಖುಷಿ, ಬದುಕಿಕೊಂಡನಲ್ಲ ಎಂದು ಇನ್ನೊಂದು ಮಂಚದವರಿಗೂ ಹೇಳಿದರು. ನನಗೂ ಹುರುಪು ಬಂತು. ಮತ್ತಿನ ದಿನಗಳಲ್ಲಿ ಅವನಿಗೆ ಒಂದು ಊರು ಕೊಟ್ಟೆ, ಹೊಳೆಯ ಬದಿಗೆ ಮನೆ, ಮನೆಯಲ್ಲಿ ಹೆಂಡತಿ. ಅವನು ಕ್ಯಾಪ್ಟನ್ನನ ಕೆಲಸ ಬಿಟ್ಟು ಊರಿನ ದಾರಿ ಹಿಡಿದ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಇನ್ನೇನು ಮನೆ ಮುಟ್ಟಬೇಕು ಎನ್ನುವ ದಿನ, ಹಿಂದೆ ಬರುವಾಗ ಮರವಂತೆಯಲ್ಲಿ ಅಕ್ಕ ರಿಕ್ಷಾ ನಿಲ್ಲಿಸಲು ಹೇಳಿದಳು. ಸಮುದ್ರ ಕೊರೆಯದಂತೆ ಹಾಕಿದ ಬಂಡೆಗಳ ಬದಿಯಲ್ಲಿ ಇಬ್ಬರೂ ಕೂತೆವು. ನಡು ಮಧ್ಯಾಹ್ನ. ಹಿಂದೆ ಲಾರಿಗಳು ಹೋಗುತ್ತಿದ್ದವು. ಅಕ್ಕ ಸಮುದ್ರದ ಕಡೆ ನೋಡುತ್ತಲೇ ಕೇಳಿದಳು.

"ತಮ್ಮ, ಆ ಹುಡ್ಗ ಸತ್ತ ಅಲ್ದಾ?"

ಇಲ್ಲ, ಪುಸ್ತಕದಲ್ಲೇ ಇದೆ, ಮನೆಗೆ ಹೊರಟಿದ್ದಾನೆ ಎಂದೆ.

"ಪುಸ್ತ್ಕ ಓದುವಾಗ ನೀ ಹೊಳಿಯಗೆ ಕಲ್ ಮೆಟ್ಟಿ ದಾಟುವಾಂಗೆ ಓದ್ತೆ. ಒಂದ್ ಕಲ್ ಮೇಲ್ ನಿಂತ್, ಮತ್ತೊಂದ್ ಕಲ್ಲಿಗೆ. ಈಗೀಗ ನೀ ಎಲ್ಲೂ ನಿಲ್ಲುದೇ ಇಲ್ಲ."

ನಾನು ಪುಸ್ತಕದ ಚೀಲವನ್ನು ಇನ್ನೊಂದು ಬದಿಗೆ ಸರಿಸಿದೆ.

"ಅವತ್ತ್ ಬೋಟಿನವ್ರೂ ಹೀಂಗೇ ಹೇಳದ್ರ್" ಎಂದಳು. "ಒಬ್ರೂ ತಡವರಿಸ್ಲಿಲ್ಲ."

ಆ ದಿನವೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದಳು. ಹಾಗಾದರೆ ಇಷ್ಟು ವರ್ಷ ಯಾಕೆ ಕಾದದ್ದು ಎಂದು ನಾನು ಕೇಳಬಾರದಿತ್ತೋ ಏನೋ, ಕೇಳಿದೆ.

"ನಾ ಹೌದ್ ಅಂದ್ರೆ ಅವ್ರ್ ಸಾಯ್ತಿದ್ರ್."

ಅವಳೇ ಮುಂದುವರಿಸಿದಳು. ತನಗೆ ಮಕ್ಕಳಿಲ್ಲ. ತಾನು ಬಳೆ ಹಾಕಿಕೊಂಡೇ ಹೋದರೆ ಊರಿನವರು ಮುತ್ತೈದೆ ಸಾವು ಎಂದು ಹೊಗಳುತ್ತಾರೆ. ಆದರೆ ಗಂಡನಿಗೆ ಎಲೆ ಹಾಕಬೇಕೆಂದು ಹೇಳುವವರು ಆಮೇಲೆ ಯಾರೂ ಇರುವುದಿಲ್ಲ. ಉಪ್ಪು ನೀರಿನಲ್ಲಿ ಇಷ್ಟು ವರ್ಷ ಇದ್ದವರಿಗೆ ಒಂದು ಲೋಟ ಸಿಹಿನೀರನ್ನೂ ಕೊಡದೆ ಹೋದಂತಾಯಿತು. ಈ ಮಹಾಲಯದ ಒಳಗೆ ಕ್ರಿಯೆ ಮಾಡಿಸು ಎಂದಳು. ಅವಳ ನಾಲಗೆ ಒಣಗಿತ್ತು. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ಕೊಟ್ಟೆ. ಅದನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡಳು.

ಮುಂದಿನ ಸಲ ಆಸ್ಪತ್ರೆಯಲ್ಲಿ, ಬಿಟ್ಟಲ್ಲಿಂದ ಸರಿಯಾಗಿ ಓದು ಎಂದಳು. ಓದಿದೆ. ಪ್ರವಾಹ ಎಂಬಲ್ಲಿ ನಿಂತೆ, ಹೇಸರಗತ್ತೆಯಲ್ಲಿ ನಿಂತೆ, ದಿಕ್ಸೂಚಿಯಲ್ಲಿ ಎರಡು ಸಲ ನಿಂತೆ. ಅಕ್ಕ ನನ್ನ ಬೆರಳನ್ನೇ ನೋಡುತ್ತಿದ್ದಳು. ಓದಿ ಮುಗಿದಾಗ ಭಟ್ಟರು ಮೋಸಹೋದವರಂತೆ ತಲೆ ಎತ್ತಿ ನನ್ನನ್ನು ನೋಡಿದರು. ಹಾಗಾದರೆ ಇಷ್ಟು ದಿನ ಓದಿದ್ದೇನು ಎಂದು ಕೇಳಿದರು.

"ಅದ್ ನನ್ ತಮ್ಮ ಬರ್ದದ್ದ್ ಭಟ್ರೆ" ಎಂದಳು ಅಕ್ಕ. "ಅದೇ ಲಾಯ್ಕ್ ಇತ್ತ್."

ಆಮೇಲೆ ಅವರನ್ನು ಕೇಳಿದಳು, ಹೆಸರು ಗೊತ್ತಿಲ್ಲದವರಿಗೆ, ಯಾವ ಜಾತಿ ಯಾವ ಊರು ಗೊತ್ತಿಲ್ಲದವರಿಗೆ ಎಲೆ ಹಾಕಬಹುದಾ ಎಂದು. ಭಟ್ಟರು ತಮಾಷೆ ಮಾಡಲಿಲ್ಲ. ತಮ್ಮಲ್ಲಿ ತರ್ಪಣ ಬಿಡುವಾಗ, ನಮ್ಮವರಿಗೆಲ್ಲ ಬಿಟ್ಟ ಮೇಲೆ, ಯಾರೂ ಇಲ್ಲದೆ ಸತ್ತವರಿಗೆಂದೂ ನೀರು ಬಿಡುವ ಪದ್ಧತಿ ಇದೆ ಎಂದರು. ಅದನ್ನು ಸಾವಿರ ಸಲ ಮಾಡಿಸಿದ್ದೇನೆ, ಅವರು ಯಾರಿರಬಹುದು ಎಂದು ಒಂದು ಸಲವೂ ಯೋಚಿಸಿದ್ದಿಲ್ಲ ಎಂದು ಹೇಳಿ ಆಚೆ ತಿರುಗಿ ಮಲಗಿದರು.

ಹೊಳೆಯ ಬದಿಯಲ್ಲಿ ದರ್ಭೆಯ ರೂಪ ಸುಟ್ಟೆವು. ಬೇಗ ಸುಟ್ಟುಹೋಯಿತು. ಅಷ್ಟು ಎತ್ತರದ ಭಾವ ಅದರಲ್ಲಿ ಇರಲಿಲ್ಲ. ಮನೆಗೆ ಬಂದು ಅಕ್ಕ ಬಾವಿಕಟ್ಟೆಯಲ್ಲಿ ಕೂತು ಕೈಗೆ ಸಾಬೂನು ಹಚ್ಚಿ ಬಲಗೈಯ ಬಳೆಗಳನ್ನು ತೆಗೆದಳು. ಬಾತ ಕೈ, ಸುಲಭಕ್ಕೆ ಬರಲಿಲ್ಲ. ನನ್ನನ್ನು ಕರೆಯಲಿಲ್ಲ. ಒಂದೆರಡು ಅಲ್ಲೇ ಒಡೆದವು. ಮುಂದಿನ ಸಲ ಆಸ್ಪತ್ರೆಯಲ್ಲಿ ಅವಳು ಮಗ್ಗುಲಾದಾಗ ಬಳೆಯ ಸದ್ದು ಕೇಳಲಿಲ್ಲ. ನರ್ಸಮ್ಮ ಕೈ ನೋಡಿದರು, ನನ್ನನ್ನು ನೋಡಿದರು, ಸೂಜಿ ಚುಚ್ಚಿದರು.

ಮಹಾಲಯದ ದಿನ ಅಕ್ಕ ಒಲೆಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತೇ ಅಡುಗೆ ಮಾಡಿಸಿದಳು. ನನ್ನ ಹೆಂಡತಿ ಬಂಗುಡೆ ಸಾರು ಮಾಡಿದಳು, ಕೋಳಿ ಸಾರು ಮಾಡಿದಳು. ಅಪ್ಪನ ಎಲೆ, ಅಮ್ಮನ ಎಲೆ, ಭಾವನ ಎಲೆ. ಅದರ ಪಕ್ಕ ಇನ್ನೊಂದು ಎಲೆ ಹಾಕಿಸಿದಳು.

"ಅವ ಮೀನ್ ತಿಂತ್ನಾ?" ಎಂದು ನನ್ನನ್ನು ಕೇಳಿದಳು.

ಪುಸ್ತಕದಲ್ಲಿ ಇಲ್ಲ ಎಂದೆ.

"ಹೊಳಿ ಬದಿಯವ, ತಿಂತ" ಎಂದು ತಾನೇ ತೀರ್ಮಾನಿಸಿ ಒಂದು ಬಂಗುಡೆ ಹೆಚ್ಚೇ ಹಾಕಿಸಿದಳು. ಆ ಎರಡು ಎಲೆಗಳ ಬದಿಗೆ ಲೋಟ ಬೇಡ, ಚೆಂಬು ತುಂಬ ನೀರಿಡು ಎಂದಳು. ಚೆಂಬಿನ ಕಡೆ ಅವಳು ನೋಡುತ್ತಿದ್ದದ್ದನ್ನು ನೋಡಲು ನನಗೆ ಆಗಲಿಲ್ಲ.

ಬಡಿಸಿದ ಮೇಲೆ ಸತ್ತವರನ್ನು ಕರೆಯಬೇಕು, ಕರೆದು ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂರಬೇಕು. ಅಪ್ಪ ಅಮ್ಮನನ್ನು ನಾನು ಕರೆದೆ. ಭಾವನನ್ನು ಅಕ್ಕ ಕರೆಯಬೇಕು. ಅವಳು ಅವರ ಹೆಸರನ್ನು ಯಾವತ್ತೂ ಹೇಳಿದವಳಲ್ಲ. ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಅಂಗಳದಿಂದಲೋ ಗದ್ದೆಯ ಅಂಚಿನಿಂದಲೋ ಹೇಗೆ ಕೂಗುತ್ತಿದ್ದಳೋ ಹಾಗೆಯೇ ಕೂಗಿದಳು.

"ಹ್ವಾಯ್, ಬನ್ನಿ. ಉಂಡ್ಕಣಿ."

ಪಕ್ಕದ ಎಲೆಯ ಕಡೆ ತಿರುಗಿದಳು. ಹುಡುಗ ಎನ್ನುತ್ತಾಳೋ ಏನೋ ಎಂದುಕೊಂಡೆ. ಆಳು ಎನ್ನಲಿಕ್ಕಿಲ್ಲ ಎಂದು ಗೊತ್ತಿತ್ತು. ಅವಳು ಅದೇ ಸ್ವರದಲ್ಲಿ, ಗಂಡನಿಗೆ ಹೇಳಿದ ಅದೇ ಮಾತನ್ನು ಹೇಳಿದಳು. ಹ್ವಾಯ್, ಬನ್ನಿ, ಉಂಡ್ಕಣಿ. ಹೆಸರು ಗೊತ್ತಿಲ್ಲದವರನ್ನೂ ನಾವು ಹಾಗೆಯೇ ಕೂಗುವುದು. ಆಮೇಲೆ ಹೊರಗೆ ಬಂದು ಜಗಲಿಯಲ್ಲಿ ಕೂತು ಬಹಳ ಹೊತ್ತು ಅತ್ತಳು. ಬೋಟಿನವರು ಬಂದ ದಿನ ಅಳಬೇಕಾಗಿದ್ದ ಅಳು ಅದು.

ದೀಪಾವಳಿ ಕಳೆದು ಅಕ್ಕ ತೀರಿಕೊಂಡಳು. ಒಂದು ಬೆಳಿಗ್ಗೆ ಚಾ ಬೇಡ ಎಂದಳು, ಅಷ್ಟೆ.

ಪುಸ್ತಕ ಅರ್ಧಕ್ಕೇ ನಿಂತಿತ್ತು. ಆಸ್ಪತ್ರೆಯ ಕಾಗದ ತರಲು ಹೋದಾಗ ಭಟ್ಟರು ಮಂಚದಿಂದಲೇ ಕೈಸನ್ನೆ ಮಾಡಿ ಕರೆದು, ಉಳಿದದ್ದನ್ನು ತನಗಾದರೂ ಓದು ಎಂದರು. ಕೆಲವು ಸಲ ಹೋಗಿ ಓದಿ ಮುಗಿಸಿದೆ. ಕ್ಯಾಪ್ಟನ್ ಸರೋವರ ಕಂಡ. ಅದಕ್ಕೆ ತನ್ನ ರಾಣಿಯ ಹೆಸರಿಟ್ಟ. ಹಿಂದೆ ಬರುವಾಗ ನಾಯಿ ಸತ್ತಿತು. ಅದಕ್ಕೆ ಗುಂಡಿ ತೋಡಿ, ಮೇಲೆ ಕಲ್ಲು ನೆಟ್ಟು, ಕಲ್ಲಿನ ಮೇಲೆ ಹೆಸರು ಕೆತ್ತಿಸಿದ. ಅದು ಒಂದು ಹಾಳೆಯ ತುಂಬ ಇದೆ. ಭಟ್ಟರು ಏನಾದರೂ ಹೇಳುತ್ತಾರೆಂದು ಕಾದೆ. ಅಕ್ಕನ ಮಂಚದಲ್ಲಿ ಈಗ ಯಾರೋ ಬೇರೆಯವರು ಮಲಗಿದ್ದರು. ಭಟ್ಟರು ಆ ಕಡೆ ಒಮ್ಮೆ ನೋಡಿ, ಸಾಕು, ಮುಚ್ಚು ಎಂದರು.

ನನಗೆ ಆ ಪುಸ್ತಕದ ಮೇಲೆ ಸಿಟ್ಟು ಬರಬೇಕಾಗಿತ್ತು. ಪೂರ್ತಿ ಬರುವುದಿಲ್ಲ. ನನಗೆ ಕೂಡಿಸಿ ಓದಲು ಕಲಿಸಿದ್ದು ಅದೇ. ಮೊಸಳೆಯ ಭಾಗ ಈಗಲೂ ಚೆನ್ನಾಗಿದೆ. ಆದರೆ ಹೊಳೆ ದಾಟುವ ಹಾಳೆಯನ್ನು ಮಾತ್ರ ತೆರೆಯುವುದಿಲ್ಲ.

ಈ ವರ್ಷದ ಮಹಾಲಯಕ್ಕೆ ಸಾಲಿನಲ್ಲಿ ಅಕ್ಕನ ಎಲೆಯೂ ಬಿತ್ತು. ಅವಳ ಎಲೆಗೂ ಚೆಂಬು ತುಂಬ ನೀರಿಟ್ಟೆ, ಈಗ ಅಳತೆ ಹೇಳುವವರು ಯಾರೂ ಇಲ್ಲ. ಎಲ್ಲರನ್ನೂ ನಾನೇ ಕರೆಯಬೇಕಾಯಿತು. ಭಾವನನ್ನು, ಆ ನರೆಗೂದಲಿನವನನ್ನು ಅವಳು ಕರೆದ ಹಾಗೆಯೇ ಕರೆದೆ. ಕೊನೆಗೆ ಅಕ್ಕಾ ಎನ್ನಲು ಬಾಯಿ ತೆರೆದವನು ನಿಂತೆ. ಎರಡೇ ಅಕ್ಷರ, ಅದರಲ್ಲೊಂದು ಒತ್ತು. ಬಾಯೊಳಗೆ ಒಮ್ಮೆ ಹೇಳಿಕೊಂಡು, ಮತ್ತೆ ಶುರು ಮಾಡಿ, ಮತ್ತೆ ನಿಂತೆ. ಹಿಂದಿನಿಂದ ಹೆಂಡತಿ ನಿಧಾನ ಎಂದಳು. ನಾನು ತಡವರಿಸಿದ್ದು ಅಕ್ಕನಿಗೆ ಕೇಳಿರಬೇಕು. ಹಾಗಾದರೆ ಇದು ನಿಜ ಎಂದು ಅವಳಿಗೆ ಗೊತ್ತಾಗಿರುತ್ತದೆ. ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂತೆ.